ಪಡುವಣವೆಂದರೆ ಎಲ್ಲಿ?

ಸೂರ್ಯನು ಪಶ್ಚಿಮದಲ್ಲಿ ಮುಳುಗುವನೆಂದು ನಾವೆಲ್ಲರೂ ಬಾಲ್ಯದಲ್ಲಿ ಉರುಹೊಡೆದವರೇ. ಮಾಗಿಯಲ್ಲಿ ಅವನು ನೆರೆಮನೆಯ ತೆಂಗಿನಮರದ ಎಡಕ್ಕೆ ಇಳಿಯುತ್ತಾನೆಂದು ಒಮ್ಮೆ ಉತ್ತರ ಬರೆದು ನಾನು ಸೊನ್ನೆ ಗಳಿಸಿದ್ದುಂಟು. ಆ ಸೊನ್ನೆಯನ್ನು ಇಂದಿಗೂ ಒಪ್ಪಿಲ್ಲ.

ಭೂಮಿಯ ಅಕ್ಷವು ಸುಮಾರು 23.4 ಅಂಶ ಓರೆಯಾಗಿರುವುದರಿಂದ ರವಿಯು ನೇರ ಪಡುವಣದಲ್ಲಿ ಅಸ್ತಮಿಸುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದಿನಗಳ ಆಸುಪಾಸಿನಲ್ಲಿ. ಬೆಂಗಳೂರಿನಲ್ಲಿ ನಿಂತವನಿಗೆ ಜೂನ್ ಕಡೆಯಲ್ಲಿ ಆತ ಸುಮಾರು 24 ಅಂಶ ಉತ್ತರಕ್ಕೂ, ಡಿಸೆಂಬರ್ ಕಡೆಯಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದಿರುತ್ತಾನೆ. ಚಾಚಿದ ಕೈಯ ಮುಷ್ಟಿಯಗಲ ಸುಮಾರು 10 ಅಂಶ. ಎಂದರೆ ಐದು ಮುಷ್ಟಿಗಳ ಹರವು! ಇದು ಸಣ್ಣ ವ್ಯತ್ಯಾಸವೇ?

ಹೊತ್ತಿನ ಸಂಗತಿ ಮತ್ತಷ್ಟು ವಿಚಿತ್ರ. ಅತಿ ಕಿರಿಯ ಹಗಲು ಡಿಸೆಂಬರ್ 21 ಅಥವಾ 22ರದಾದರೂ ಇಲ್ಲಿ ಎಲ್ಲಕ್ಕಿಂತ ಬೇಗನೆ ಸೂರ್ಯ ಮುಳುಗುವುದು ನವೆಂಬರಿನ ಉತ್ತರಾರ್ಧದಲ್ಲಿ. ಅಕ್ಷದ ಓರೆಯೊಡನೆ ಕಕ್ಷೆಯ ದೀರ್ಘವೃತ್ತವೂ ಸೇರಿ, ಆ ದಿನಗಳಲ್ಲಿ ಗಡಿಯಾರದ ಲೆಕ್ಕಕ್ಕೆ ನಡುಹಗಲೇ ದಿನದಿನಕ್ಕೂ ತಡವಾಗುತ್ತದೆ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ: ತಿಂಗಳಿಗೊಮ್ಮೆ ಮಕ್ಕಳು ತಮ್ಮ ಅಂಗಳದಲ್ಲಿ ಒಂದೇ ಕಡೆ ನಿಂತು, ಸೂರ್ಯ ಎಲ್ಲಿ ಇಳಿದನೆಂದು ಬರೆದಿಡಲಿ. ಪುಸ್ತಕವನ್ನು ಆಮೇಲೆ ತೆರೆಯಬಹುದು. ನನ್ನ ತೆಂಗಿನಮರವೇನೋ ಉರುಳಿತು. ಈಗ ಆ ಮನೆಯ ನೀರಿನ ತೊಟ್ಟಿಯನ್ನೇ ಗುರುತಾಗಿಟ್ಟುಕೊಂಡಿದ್ದೇನೆ.