ನಂಬಿದವರಿಗೆ ನೀರು ಬೇಡವೇ?

ದೀಕ್ಷಾಸ್ನಾನ ಬರೀ ಹೊರಗಿನ ಶಾಸ್ತ್ರ, ಯೇಸುವನ್ನು ಮನಸ್ಸಿನಲ್ಲಿ ನಂಬಿದರೆ ಸಾಕು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಈ ಮಾತನ್ನು ಒಪ್ಪಲಾಗದು.

ಲೇಖಕರು ನೆಚ್ಚಿಕೊಂಡಿರುವುದು ಶಿಲುಬೆಯ ಮೇಲಿನ ಕಳ್ಳನನ್ನು. ಸ್ನಾನವಿಲ್ಲದೆಯೂ ಅವನಿಗೆ ಪರದೈಸು ಸಿಕ್ಕಿತು, ನಿಜ. ಆದರೆ ಸಾಯುತ್ತಿದ್ದ ಅವನಿಗೆ ಬೇರೆ ದಾರಿಯೇ ಇರಲಿಲ್ಲ. ದಾರಿಯಿದ್ದ ಇಥಿಯೋಪ್ಯದ ಅಧಿಕಾರಿ ಏನು ಮಾಡಿದ? ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ನೋಡಿ: ನೀರು ಕಂಡದ್ದೇ ತಡ, ರಥ ನಿಲ್ಲಿಸಿ ಇಳಿದ.

ನೀರೇ ಪಾಪ ತೊಳೆಯುತ್ತದೆಂದು ನಾವೂ ಹೇಳುವುದಿಲ್ಲ. ಕ್ರಿಸ್ತನೊಡನೆ ಸತ್ತು, ಹೂಣಲ್ಪಟ್ಟು, ಹೊಸ ಬದುಕಿಗೆ ಏಳುವುದೇ ದೀಕ್ಷಾಸ್ನಾನದ ಅರ್ಥವೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ವಿವರಿಸುತ್ತಾನೆ.

ಸಿಂದಗಿ ಸೀಮೆಯ ಯಂಕಂಚಿಯಂಥ ಊರಲ್ಲಿ ಬ್ಯಾಸಿಗಿಗೆ ಮುಳುಗುವಷ್ಟು ನೀರೆಲ್ಲಿ ಎಂದು ಕೇಳುವವರಿಗೆ ಆದಿಸಭೆಯೇ ಉತ್ತರ ಕೊಟ್ಟಿದೆ. ‘ದಿದಖೆ’ ಎಂಬ ಪ್ರಾಚೀನ ಕೈಪಿಡಿಯ ಪ್ರಕಾರ ಹರಿಯುವ ನೀರಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರಾಯಿತು. ನೀರಿನ ಅಳತೆಯಲ್ಲಿ ರಿಯಾಯಿತಿ ಉಂಟು. ಸ್ನಾನವನ್ನೇ ಕೈಬಿಡುವ ಮಾತಿಲ್ಲ.

ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಮನಸ್ಸಿನಲ್ಲೇ ನಂಬಿ ಸುಮ್ಮನಿರಬಹುದಿತ್ತು. ಜಾತಿ, ಬಳಗ ಎಲ್ಲ ಉಳಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಲ್ಲಿ ದೀಕ್ಷಾಸ್ನಾನ ಪಡೆದರು, ಮುಂದೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾದರು. ನಾಲ್ಕು ಜನರ ಮುಂದೆ ಒಪ್ಪಿಕೊಂಡ ನಂಬಿಕೆಗೆ ಬೆಲೆ ತೆರಬೇಕಾಗುತ್ತದೆ. ಗುಟ್ಟಾಗಿಟ್ಟ ನಂಬಿಕೆಗೆ ಆ ಕಷ್ಟವಿಲ್ಲ.

ಒತ್ತಾಯ, ಆಮಿಷದ ಸ್ನಾನ ಸ್ನಾನವೇ ಅಲ್ಲ. ಆದರೆ ತಾನಾಗಿ ನಂಬಿ ಬಂದವರಿಗೆ ಕ್ರಿಸ್ತನೇ ಕೊಟ್ಟ ಅಪ್ಪಣೆಯನ್ನು ಐಚ್ಛಿಕವೆಂದು ಬೋಧಿಸುವ ಹಕ್ಕು ನಮಗ್ಯಾರಿಗೂ ಇಲ್ಲ.