ಕೆಂಪು ದೀಪಕ್ಕೆ ಕಪ್ಪು ಪಟ್ಟಿ



ಹಳೆಯ ಕಾರಿನ ಮಾಲೀಕರನ್ನು ಎರಡು ಮೌಢ್ಯಗಳು ಕಾಡುತ್ತಿವೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪವೊಂದು ಹೊತ್ತಿಕೊಂಡು ಆರದೇ ಉಳಿದರೆ ಒಬ್ಬ ಮೆಕ್ಯಾನಿಕ್, "ಹಳೇ ಗಾಡಿ ಸಾರ್, ಹಂಗೇ ಬರ್ತಿರುತ್ತೆ, ಬಲ್ಬ್ ತೆಗೆದುಬಿಡೋಣ" ಎನ್ನುತ್ತಾನೆ. ಇನ್ನೊಬ್ಬ, "ಇಂಜಿನ್ ಇಳಿಸಲೇಬೇಕು" ಎನ್ನುತ್ತಾನೆ. ಮೊದಲನೆಯವನು ಉದಾರಿಯಂತೆಯೂ ಎರಡನೆಯವನು ಲೋಭಿಯಂತೆಯೂ ತೋರುತ್ತಾರೆ. ನನ್ನ ದೃಷ್ಟಿಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಲೆಕ್ಕ ಮಾಡದೆ ಉತ್ತರ ಬರೆದವರು. ಜೀವಮಾನವೆಲ್ಲ ವಿಜ್ಞಾನ ಕಲಿಸಿದವನಿಗೆ ಇದನ್ನು ಕಂಡು ಸುಮ್ಮನಿರಲಾಗದು.

"ಸುಳ್ಳು ದೀಪ" ಎಂಬ ಮಾತಿಗೇ ನನ್ನ ಮೊದಲ ಆಕ್ಷೇಪ. ದೀಪಕ್ಕೆ ಸುಳ್ಳು ಹೇಳಲು ಬಾರದು. ತನ್ನ ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಏಕೆ ಹರಿಯುತ್ತಿದೆ ಎಂಬುದನ್ನು ಹುಡುಕುವ ಹೊಣೆ ನಮ್ಮದು.

ಆಯಿಲ್ ದೀಪವನ್ನೇ ತೆಗೆದುಕೊಳ್ಳಿ. ಹಳೆಯ ಕಾರುಗಳಲ್ಲಿ ಅದರದು ಹತ್ತನೇ ತರಗತಿಯ ಮಕ್ಕಳೂ ಬರೆಯಬಲ್ಲ ಸರಳ ಮಂಡಲ. ಬ್ಯಾಟರಿಯಿಂದ ಬಲ್ಬಿಗೆ, ಬಲ್ಬಿನಿಂದ ಒಂದು ತಂತಿಯ ಮೂಲಕ ಇಂಜಿನ್ನಿನ ಮೇಲೆ ಕೂತಿರುವ ಪುಟ್ಟ ಸ್ವಿಚ್ಚಿಗೆ, ಅಲ್ಲಿಂದ ಇಂಜಿನ್ನಿನ ಲೋಹಕ್ಕೆ. ಇಂಜಿನ್ ನಿಂತಿರುವಾಗ ಎಣ್ಣೆಯ ಒತ್ತಡ ಇರುವುದಿಲ್ಲ, ಸ್ವಿಚ್ ಮುಚ್ಚಿರುತ್ತದೆ, ಬೀಗದ ಕೈ ತಿರುಗಿಸಿದರೆ ದೀಪ ಹೊತ್ತುತ್ತದೆ. ಇಂಜಿನ್ ಚಾಲೂ ಆದ ಮೇಲೆ ಎಣ್ಣೆಯ ಒತ್ತಡವು ಸ್ವಿಚ್ಚಿನೊಳಗಿನ ಪೊರೆಯನ್ನು ತಳ್ಳಿ ಮಂಡಲವನ್ನು ಮುರಿಯುತ್ತದೆ, ದೀಪ ಆರುತ್ತದೆ. ಹಾಗಾದರೆ ಆರದ ದೀಪಕ್ಕೆ ಮೂರು ಕಾರಣಗಳಿರಬಹುದು: ನಿಜವಾಗಿಯೂ ಒತ್ತಡವಿಲ್ಲ, ಸ್ವಿಚ್ ಕೆಟ್ಟಿದೆ, ಇಲ್ಲವೇ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗುತ್ತಿದೆ. ಮೊದಲನೆಯದಾದರೆ ಇಂಜಿನ್ ಕೆಲವೇ ನಿಮಿಷಗಳಲ್ಲಿ ಹಾಳಾದೀತು. ಉಳಿದೆರಡರಲ್ಲಿ ಇಂಜಿನ್ನಿಗೆ ಏನೂ ಆಗಿರುವುದಿಲ್ಲ. ಇಷ್ಟು ಅಂತರವಿರುವ ಸಂಗತಿಗಳನ್ನು ಊಹೆಯಿಂದ ತೀರ್ಮಾನಿಸುವುದು ಯಾವ ವಿವೇಕ?

ಪರೀಕ್ಷೆ ಕಷ್ಟದ್ದಲ್ಲ. ದೀಪ ಕಂಡೊಡನೆ ಗಾಡಿ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಸ್ವಲ್ಪ ಹೊತ್ತು ಬಿಟ್ಟು, ಸಮತಟ್ಟಾದ ಜಾಗದಲ್ಲಿ ಅಳತೆಯ ಕಡ್ಡಿ ಎಳೆದು ಎಣ್ಣೆ ನೋಡಬೇಕು. ಎಣ್ಣೆ ಸರಿಯಿದ್ದರೆ, ಇಂಜಿನ್ ಚಾಲೂ ಮಾಡದೆ ಬೀಗದ ಕೈಯನ್ನಷ್ಟೇ ತಿರುಗಿಸಿ ಸ್ವಿಚ್ಚಿನ ತಂತಿ ಕಳಚಬೇಕು. ಆಗಲೂ ದೀಪ ಉರಿಯುತ್ತಿದ್ದರೆ ದೋಷ ತಂತಿಯದು. ಆರಿದರೆ ತಂತಿ ನಿರ್ದೋಷಿ. ಆಮೇಲೆ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಒತ್ತಡದ ಗೇಜು ತಿರುಪಿ, ಇಂಜಿನ್ ಚಾಲೂ ಮಾಡಿ ಓದಬೇಕು. ಒತ್ತಡ ಸರಿಯಿದ್ದರೆ ಸ್ವಿಚ್ಚೇ ಅಪರಾಧಿ. ಆದರೆ ಗೇಜು ನೋಡುವ ತನಕ "ಏನೂ ಆಗಿಲ್ಲ" ಎಂದು ಕಾರು ಓಡಿಸತಕ್ಕದ್ದಲ್ಲ.

ನನ್ನ ಹಳೆಯ ಕಾರಿಗೆ 2016ರ ಮಳೆಗಾಲದಲ್ಲಿ ಇದೇ ಸಂಭವಿಸಿತು. ಒಂದು ಗ್ಯಾರೇಜಿನವರು ಬಲ್ಬಿನ ಮೇಲೆ ಕಪ್ಪು ಪಟ್ಟಿ ಅಂಟಿಸಲು ಹೊರಟರು. ಮತ್ತೊಂದರಲ್ಲಿ ಇಂಜಿನ್ ಬಿಚ್ಚುವ ಅಂದಾಜುಪಟ್ಟಿ ಕೊಟ್ಟರು. ಅದು ನನ್ನ ಎರಡು ತಿಂಗಳ ಪಿಂಚಣಿ. ಇಬ್ಬರಲ್ಲಿ ಒಬ್ಬರೂ ಗೇಜು ಹಾಕಲಿಲ್ಲ. ಕೊನೆಗೆ ರಸ್ತೆಬದಿಯ ಒಂದು ಶೆಡ್ಡಿನ ಹುಡುಗ ಹಾಕಿದ. ಒತ್ತಡ ಸರಿಯಾಗಿತ್ತು, ಸ್ವಿಚ್ಚಿನ ಪೊರೆ ಹರಿದು ಎಣ್ಣೆ ಜಿನುಗುತ್ತಿತ್ತು. ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು. ನೆಗಡಿಯಾಯಿತೆಂದು ಮೂಗು ಕೊಯ್ಯುವವರಿಂದ ಆ ಹುಡುಗ ನನ್ನನ್ನು ಉಳಿಸಿದ.

ಬ್ರೇಕಿನ ದೀಪದ ಕಥೆ ಇನ್ನೂ ಗಂಭೀರ. ತಿರುವಿನಲ್ಲಿ, ಇಳಿಜಾರಿನಲ್ಲಿ ಅದು ಮಿಣುಕಿದರೆ "ಸುಳ್ಳು" ಎಂದು ಒಂದಿಷ್ಟು ಬ್ರೇಕ್ ಆಯಿಲ್ ಸುರಿದು ಕಳಿಸುತ್ತಾರೆ. ಬ್ರೇಕ್ ಪ್ಯಾಡು ಸವೆದಂತೆಲ್ಲ ಡಬ್ಬಿಯಲ್ಲಿ ದ್ರವದ ಮಟ್ಟ ಇಳಿಯುವುದು ಸಹಜ. ಎಲ್ಲಾದರೂ ಸೋರುತ್ತಿದ್ದರೂ ಇಳಿಯುತ್ತದೆ. ಸುರಿದೊಡನೆ ದೀಪ ಆರುತ್ತದೆ. ಪ್ಯಾಡು ದಪ್ಪವಾಗುವುದಿಲ್ಲ, ಸೋರಿಕೆ ನಿಲ್ಲುವುದಿಲ್ಲ.

ಸ್ವಲ್ಪ ಈಚಿನ ಕಾರುಗಳಲ್ಲಿ ಸ್ಕ್ಯಾನರ್ ಎಂಬ ಯಂತ್ರವಿದೆ, ಅದು ಎಲ್ಲವನ್ನೂ ಹೇಳುತ್ತದೆ ಎಂದು ವಾದಿಸುವವರುಂಟು. ಪಿ0171 ಎಂಬ ಸಂಕೇತ ಬಂದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿದೆ ಎಂದರ್ಥ, ಅಷ್ಟೇ. ಅದನ್ನು ಕಂಡು ಆಕ್ಸಿಜನ್ ಸೆನ್ಸರನ್ನೇ ಬದಲಿಸಿ ಬಿಲ್ ಮಾಡುತ್ತಾರೆ. ಬಿರುಕುಬಿಟ್ಟ ರಬ್ಬರ್ ಕೊಳವೆಯೊಂದು ಗಾಳಿ ಎಳೆಯುತ್ತಿದ್ದರೆ, ನಿಜ ನುಡಿದ ಸಾಕ್ಷಿಯನ್ನು ಗಲ್ಲಿಗೇರಿಸಿದಂತಾಯಿತು. ಬ್ಯಾಟರಿಯ ತಂತಿ ಕಳಚಿ ದೀಪ ಆರಿಸುವವರಂತೂ ಆ ಸಾಕ್ಷ್ಯವನ್ನೇ ಅಳಿಸುತ್ತಾರೆ.

"ಇಷ್ಟೆಲ್ಲ ನೋಡಕ್ಕೆ ಟೈಮೆಲ್ಲಿದೆ ಸಾರ್?" ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ತಪ್ಪು ಗ್ಯಾರೇಜಿನವರದಷ್ಟೇ ಅಲ್ಲ. ಹೊಸ ಸಾಮಾನಿನ ಬಿಲ್ಲಿಗೆ ನಮ್ಮ ಜನ ಮರುಮಾತಿಲ್ಲದೆ ಹಣ ಎಣಿಸುತ್ತಾರೆ. ಪರೀಕ್ಷಿಸಿದ ಕೂಲಿ ಕೇಳಿದರೆ, "ನೋಡಿದ್ದಕ್ಕೂ ದುಡ್ಡೇ?" ಎಂದು ಹುಬ್ಬೇರಿಸುತ್ತಾರೆ. ತಿಳಿವಳಿಕೆಗೆ ಬೆಲೆ ಕೊಡದ ಗಿರಾಕಿಗೆ ಸಾಮಾನು ಮಾರುವವನೇ ಸಿಗುತ್ತಾನೆ. ಆ ಶೆಡ್ಡಿನ ಹುಡುಗನಂಥವರು ಉಳಿಯಬೇಕಾದರೆ ಅವರ ಅರ್ಧ ಗಂಟೆಯ ಯೋಚನೆಗೆ ನಾವು ಹಣ ಕೊಡಬೇಕು.

"ಹುಲಿ ಬಂತು ಹುಲಿ" ಕಥೆಯನ್ನು ನಿಮಗೆಲ್ಲ ಹೇಳಿದ್ದೇನೆ. ಆ ಹುಡುಗ ಬೇಕೆಂದೇ ಕೂಗಿದ. ಕಾರಿನ ದೀಪಕ್ಕೆ ಅಂಥ ಹುಡುಗಾಟ ತಿಳಿಯದು. ಅದರ ಕೂಗನ್ನು ಅಲಕ್ಷಿಸುವ ಅಭ್ಯಾಸ ನಮಗೆ ಆಗಿಬಿಟ್ಟರೆ, ನಿಜವಾದ ಹುಲಿ ಬಂದ ದಿನ ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು ಕೂತಿರುತ್ತಾರೆ.

ಆದ್ದರಿಂದ ಹಳೆಯ ಕಾರು ಕೊಳ್ಳುವವರು ಇಂಜಿನ್ ಚಾಲೂ ಮಾಡುವ ಮೊದಲು ಬೀಗದ ಕೈಯನ್ನಷ್ಟೇ ತಿರುಗಿಸಿ ದೀಪಗಳನ್ನು ಎಣಿಸಿರಿ. ಆಯಿಲ್ ದೀಪವೋ ಬ್ಯಾಟರಿ ದೀಪವೋ ಆಗ ಹೊತ್ತದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿರಬಹುದು. ಹಳೆಯ ಕಾರು ಇರುವವರು ಗ್ಯಾರೇಜಿನಲ್ಲಿ "ಎಷ್ಟಾಗುತ್ತದೆ?" ಎನ್ನುವ ಮೊದಲು "ಅಳೆದು ನೋಡಿದಿರಾ?" ಎಂದು ಕೇಳಿರಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿಮ್ಮ ಮೇಷ್ಟ್ರು