ಬೆಕ್ಕಿನ ಮೂಗಿನಲ್ಲಿ ರಕ್ತ ಬಂದರೆ ‘ಉಷ್ಣ’ ಅನ್ನಬೇಡಿ



ಈ ಸಲ ಹಪ್ಪಳ-ಸಂಡಿಗೆ ವಿಷಯ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ಸಂಚಿಕೆಗಿರಲಿ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ. ಬೆಕ್ಕು ಸಾಕಿದವರು ಗಮನವಿಟ್ಟು ಓದಿ. ಸಾಕದವರೂ ಓದಿ, ಏಕೆಂದರೆ ಇಲಿ ಎಲ್ಲರ ಮನೆಯಲ್ಲೂ ಇರುತ್ತದೆ.

ನಮ್ಮ ಬೆಳ್ಳಿಗೆ ನಾಲ್ಕು ವರ್ಷ. ಹೆಸರಿಗೆ ತಕ್ಕ ಹಾಗೆ ಬಿಳೀ ಬೆಕ್ಕು. ಬೇಸಿಗೆಯ ಒಂದು ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಿದ್ದೆ, ಬಾಗಿಲ ಬಳಿ ಕೂತಿದ್ದ ಅದು ನಾಲ್ಕೈದು ಸಲ ಸೀನಿತು. ತಿರುಗಿ ನೋಡಿದರೆ ನೆಲದ ಮೇಲೆ ಕೆಂಪು ಹನಿಗಳು. ಕುಂಕುಮದ ನೀರು ಚೆಲ್ಲಿದೆಯೇನೋ ಅಂದುಕೊಂಡೆ. ಹತ್ತಿರ ಹೋದರೆ ಮೂಗಿನ ತುದಿಯಲ್ಲಿ ರಕ್ತ.

“ಬಿಸಿಲು ಕಣೇ, ಉಷ್ಣ ಆಗಿದೆ. ಈರುಳ್ಳಿ ಹೆಚ್ಚಿ ಮೂಸಿಸು” ಅಂದರು ನಮ್ಮ ಅತ್ತೆಯವರು. ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂದಾಗ ನಾವೆಲ್ಲ ಮಾಡುವುದು ಅದನ್ನೇ ತಾನೆ? ನಾನೂ ಮಾಡಿದೆ. ನೆತ್ತಿಗೆ ಒದ್ದೆ ಬಟ್ಟೆ ಹಾಕಿದೆ, ಮಜ್ಜಿಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು. ನಿಂತಿತಲ್ಲ ಅಂತ ನಾನು ಸುಮ್ಮನಾದೆ. ಅಲ್ಲಿ ಒಂದು ದಿನ ಕಳೆದುಕೊಂಡೆ.

ಮಾರನೆಯ ದಿನ ಎರಡೂ ಹೊಳ್ಳೆಗಳಿಂದ ರಕ್ತ. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಗೋಡೆಯ ಹಾಗಿತ್ತು. ಹೊಟ್ಟೆಯ ಕೂದಲು ಸರಿಸಿದರೆ ಚರ್ಮದಲ್ಲಿ ನೀಲಿ ಕಲೆ. ಮುಚ್ಚಳದ ಬುಟ್ಟಿಯೊಳಗೆ ಹಳೇ ಸೀರೆ ಹಾಸಿ ಅದನ್ನು ಮಲಗಿಸಿ, ನಾನೂ ಮಗಳೂ ಆಟೋ ಹಿಡಿದು ಪಶು ಆಸ್ಪತ್ರೆಗೆ ಓಡಿದೆವು.

ಡಾಕ್ಟರು ನೋಡಿದವರೇ ಕೇಳಿದರು, “ಮನೇಲಿ ಇಲಿ ಪಾಷಾಣ ಏನಾದರೂ ಇಟ್ಟಿದ್ದೀರಾಮ್ಮ?”

“ಇಲ್ಲ ಸಾರ್, ಪಾಷಾಣ ನಮ್ಮನೆಗೆ ತರೋದೇ ಇಲ್ಲ” ಅಂದೆ.

ನಾನು ಸುಳ್ಳು ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಪಾಷಾಣ ಅಂದರೆ ಹಿಂದೆ ವಡೆಗೆ ಹಚ್ಚಿ ಇಡುತ್ತಿದ್ದರಲ್ಲ, ಆ ಕಪ್ಪು ಪುಡಿ. ಆದರೆ ಮಗಳು ಮೆಲ್ಲಗೆ, “ಅಮ್ಮಾ, ಹೋದ ವಾರ ಅಟ್ಟದ ಮೇಲೆ ಕೇಕ್ ಇಟ್ಟೆಯಲ್ಲ?” ಅಂದಳು. ನನ್ನ ಎದೆ ಧಸಕ್ಕೆಂದಿತು. ಕೊಬ್ಬರಿ ಚೀಲಕ್ಕೆ ಇಲಿ ಬಿದ್ದಿತ್ತು ಅಂತ ಅಂಗಡಿಯಿಂದ ಬಣ್ಣದ ಬಿಲ್ಲೆಗಳನ್ನು ನಾನೇ ತಂದು ಇಟ್ಟಿದ್ದೆ. ಬೆಕ್ಕು ಬಿಲ್ಲೆ ತಿನ್ನೋದಿಲ್ಲ, ಏನೂ ಆಗಲ್ಲ ಅನ್ನುವ ಧೈರ್ಯ. ಬಿಲ್ಲೆ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ ಅನ್ನುವುದು ಹೊಳೆಯಲೇ ಇಲ್ಲ ನೋಡಿ.

ನಮ್ಮವರಿಗೆ ಫೋನ್ ಮಾಡಿದೆ. ಅವರು ಪೊಟ್ಟಣದ ಫೋಟೋ ತೆಗೆದು ಮೊಬೈಲಿಗೆ ಕಳಿಸಿದರು. ಬ್ರೊಮಡಿಯೋಲೋನ್ ಅಂತ ಬರೆದಿತ್ತು. ಅಷ್ಟರಲ್ಲಿ ಡಾಕ್ಟರು ಬೆಳ್ಳಿಯ ರಕ್ತ ಸ್ವಲ್ಪ ತೆಗೆದು ಗಾಜಿನ ನಳಿಕೆಯಲ್ಲಿ ಇಟ್ಟಿದ್ದರು. ಕಾಲು ಗಂಟೆಯಾದರೂ ಅದು ನೀರಿನ ಹಾಗೇ ಇತ್ತು. “ಹೆಪ್ಪುಗಟ್ಟುತ್ತಿಲ್ಲ, ನೋಡಿ” ಅಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹಾಲು ಮೊಸರಾಗಲು ಹೆಪ್ಪು ಬೇಕಲ್ಲವೇ? ಗಾಯವಾದಾಗ ರಕ್ತ ಗಟ್ಟಿಯಾಗಲು ಕೂಡ ಪಿತ್ತಜನಕಾಂಗ ಕೆಲವು ವಸ್ತುಗಳನ್ನು ತಯಾರಿಸಿ ಕೊಡಬೇಕು. ಅದಕ್ಕೆ ‘ಕೆ’ ವಿಟಮಿನ್ ಬೇಕು. ಈ ಬಿಲ್ಲೆಯ ವಿಷ ಆ ವಿಟಮಿನ್ ಕೆಲಸ ಮಾಡದ ಹಾಗೆ ತಡೆಯುತ್ತದೆ. ಮೊದಲೇ ತಯಾರಾಗಿದ್ದ ದಾಸ್ತಾನು ಎರಡು ಮೂರು ದಿನ, ಕೆಲವು ಸಲ ಐದು ದಿನದವರೆಗೂ ಬರುತ್ತದೆ. ಅಲ್ಲಿಯವರೆಗೆ ಬೆಕ್ಕು ಚೆನ್ನಾಗೇ ಇರುತ್ತದೆ. ದಾಸ್ತಾನು ಮುಗಿದ ಮೇಲೆ ಮೂಗು, ಒಸಡು, ಹೊಟ್ಟೆ, ಎದೆಗೂಡು, ಎಲ್ಲಿ ಬೇಕಾದರೂ ರಕ್ತ ಸೋರುತ್ತದೆ. ಇವತ್ತಿನ ರಕ್ತಕ್ಕೂ ಹೋದ ವಾರದ ಬಿಲ್ಲೆಗೂ ನಾವು ಗಂಟು ಹಾಕುವುದೇ ಇಲ್ಲ, ಅದೇ ಇದರ ಮೋಸ. ನಾಯಿಗಿಂತ ಬೆಕ್ಕು ಈ ವಿಷವನ್ನು ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದಂತೆ. ಆದರೂ ವಿಷದ ಇಲಿಗಳನ್ನು ದಿನವೂ ತಿಂದರೆ ಎಷ್ಟು ಅಂತ ತಡೆದೀತು?

ಮದ್ದು ‘ಕೆ-1’ ವಿಟಮಿನ್. ಮೊದಲು ಚರ್ಮದಡಿಗೆ ಇಂಜೆಕ್ಷನ್, ಆಮೇಲೆ ಮಾತ್ರೆ. ತೂಕ ನೋಡಿ ಡಾಕ್ಟರೇ ಪ್ರಮಾಣ ಹೇಳಬೇಕು, ನಾವು ಅಂದಾಜು ಮಾಡುವ ಹಾಗಿಲ್ಲ. ಇನ್ನೂ ತಡವಾಗಿದ್ದರೆ ಬೇರೆ ಬೆಕ್ಕಿನ ರಕ್ತ ಕೊಡಬೇಕಾಗುತ್ತಿತ್ತಂತೆ. ನಮ್ಮಂಥ ಊರಿನಲ್ಲಿ ಅದನ್ನು ಎಲ್ಲಿ ತರುವುದು ಹೇಳಿ. ಇನ್ನೊಂದು ಮಾತು, ಎಲ್ಲ ಇಲಿ ವಿಷವೂ ಒಂದೇ ಅಲ್ಲ. ನಾನು ಹೇಳಿದ ಆ ಕಪ್ಪು ಪುಡಿ ಝಿಂಕ್ ಫಾಸ್ಫೈಡ್. ಅದರ ದಾರಿಯೇ ಬೇರೆ, ಅದಕ್ಕೆ ಈ ವಿಟಮಿನ್ ಮದ್ದಲ್ಲ. ಆದ್ದರಿಂದ ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿರಿ, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ.

ಹಾಗಂತ ಬೆಕ್ಕಿನ ಮೂಗಿನ ರಕ್ತವೆಲ್ಲ ವಿಷವೇ ಅಂತ ಗಾಬರಿಯಾಗಬೇಡಿ. ಮಾಡಿನಿಂದ ಬಿದ್ದಿರಬಹುದು, ಪಕ್ಕದ ಮನೆಯ ಗಂಡು ಬೆಕ್ಕಿನ ಜೊತೆ ಜಗಳವಾಡಿ ಪರಚಿಸಿಕೊಂಡಿರಬಹುದು. ಬೆಕ್ಕು ಹುಲ್ಲು ತಿಂದು ಕಕ್ಕುವುದನ್ನು ನೋಡಿದ್ದೀರಲ್ಲ, ಒಮ್ಮೊಮ್ಮೆ ಒಂದು ಎಸಳು ಅಂಗಳದ ಹಿಂದಿನಿಂದ ಮೂಗಿಗೆ ಏರಿ ಕೂರುತ್ತದೆ. ಆಗ ಬಿಡದೆ ಸೀನು, ಒಂದೇ ಹೊಳ್ಳೆಯಿಂದ ರಕ್ತ. ಮೇಲಿನ ಕೋರೆಹಲ್ಲಿನ ಬೇರು ಕೊಳೆತರೂ ಹಾಗೇ. ವಯಸ್ಸಾದ ಬೆಕ್ಕಿಗೆ ಮೂತ್ರಪಿಂಡ ಕೆಟ್ಟರೆ ಬಿ.ಪಿ. ಏರಿ ಮೂಗಿನಲ್ಲಿ ರಕ್ತ ಬರುವುದುಂಟು. ಬೆಕ್ಕಿಗೂ ಬಿ.ಪಿ.ಯೇ ಅಂತ ನಗಬೇಡಿ, ಕಾಲಿಗೋ ಬಾಲಕ್ಕೋ ಪುಟ್ಟ ಪಟ್ಟಿ ಸುತ್ತಿ ನೋಡುತ್ತಾರೆ. ಒಂದೇ ಹೊಳ್ಳೆಯಿಂದ ವಾರಗಟ್ಟಲೆ ರಕ್ತ, ಜೊತೆಗೆ ಮುಖದಲ್ಲಿ ಊತ ಇದ್ದರೆ ಒಳಗೆ ಗಡ್ಡೆ ಇರಬಹುದು. ಯಾವ ಹೊಳ್ಳೆ, ಯಾವಾಗ ಶುರುವಾಯಿತು, ಸೀನು ಇತ್ತೇ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದೇ ಅದು. ಬೆಕ್ಕು ರಕ್ತವನ್ನು ನೆಕ್ಕಿ ನುಂಗಿಬಿಡುತ್ತದಾದ್ದರಿಂದ ನೆಲದ ಮೇಲೆ ಕಂಡಷ್ಟೇ ಹೋಗಿದೆ ಅಂತ ತಿಳಿಯಬೇಡಿ. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ ಒಳಕ್ಕೆ ಹೋಗಿರುವುದು ಬಹಳ ಅಂತ ಅರ್ಥ.

ಆಸ್ಪತ್ರೆ ಮುಟ್ಟುವವರೆಗೆ ಏನು ಮಾಡಬೇಕು? ಮಕ್ಕಳನ್ನೆಲ್ಲ ಆಚೆ ಕಳಿಸಿ ಕತ್ತಲೆ ಕೋಣೆಯಲ್ಲಿ ಬೆಕ್ಕನ್ನು ಸುಮ್ಮನೆ ಕೂರಿಸಿ. ಗಾಬರಿಯಾದರೆ ಬಿ.ಪಿ. ಏರಿ ರಕ್ತ ಹೆಚ್ಚುತ್ತದೆ. ಐಸು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕಣ್ಣುಗಳ ನಡುವೆ, ಮೂಗಿನ ದಿಂಡಿನ ಮೇಲೆ ಮೆಲ್ಲಗೆ ಹಿಡಿಯಿರಿ. ಒಪ್ಪದಿದ್ದರೆ ಬಿಟ್ಟುಬಿಡಿ, ಬಲವಂತ ಬೇಡ. ತಲೆಯನ್ನು ಹಿಂದಕ್ಕೆ ಬಾಗಿಸಬೇಡಿ. ಹತ್ತಿ ತುರುಕಬೇಡಿ, ಸೀನು ಹೆಚ್ಚಾಗುತ್ತದೆ. ನಮ್ಮ ಮೂಗಿನ ಡ್ರಾಪ್ಸ್ ಹಾಕಬೇಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷವೇ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು. ಇನ್ನು ನಮ್ಮ ಈರುಳ್ಳಿ! ಹೊಟ್ಟೆಗೆ ಹೋದರೆ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತದಂತೆ. ಮೂಗಿಗೆ ಹತ್ತಿದ ರಸವನ್ನು ಬೆಕ್ಕು ನೆಕ್ಕದೆ ಬಿಡುತ್ತದೆಯೇ? ಬೆಳ್ಳಿ ಮುಖ ತಿರುಗಿಸಿದ್ದು ನನ್ನ ಪುಣ್ಯ. ಇದನ್ನು ಕೇಳಿ ಅತ್ತೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಪಾಪ.

ರಕ್ತ ತಾನಾಗಿ ನಿಂತರೂ ಅವತ್ತೇ ತೋರಿಸಿ. ಒಸಡು ಬಿಳಿಚಿದ್ದರೆ, ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಐಸು ಗೀಸು ಅಂತ ಕೂರದೆ ಹೊರಟುಬಿಡಿ.

ಎರಡನೆಯ ದಿನಕ್ಕೆ ರಕ್ತ ನಿಂತಿತು. ವಾರದೊಳಗೆ ಬೆಳ್ಳಿ ಕಿಟಕಿ ಏರಿತು. “ಇನ್ನೇನು, ಮಾತ್ರೆ ಸಾಕು” ಅಂದರು ನಮ್ಮವರು. ನನಗೂ ದಿನಾ ಪರಚಿಸಿಕೊಂಡು ಸಾಕಾಗಿತ್ತು. ಒಂದು ಮಾತು ಕೇಳಿಬಿಡೋಣ ಅಂತ ಡಾಕ್ಟರಿಗೆ ಫೋನ್ ಮಾಡಿದೆ. ಚೆನ್ನಾಗಿ ಬೈಸಿಕೊಂಡೆ. ಈ ವಿಷ ಪಿತ್ತಜನಕಾಂಗದಲ್ಲಿ ವಾರಗಟ್ಟಲೆ ಕೂತಿರುತ್ತದಂತೆ, ನಡುವೆ ಮಾತ್ರೆ ನಿಲ್ಲಿಸಿದರೆ ಮತ್ತೆ ರಕ್ತ ಸೋರುತ್ತದೆ. ಪೂರ್ತಿ ನಾಲ್ಕು ವಾರ ಕೊಟ್ಟೆವು. ಜಿಡ್ಡಿನ ಜೊತೆ ಕೊಟ್ಟರೆ ಮೈಗೆ ಹತ್ತುತ್ತದೆ ಅಂದಿದ್ದರು, ಅದಕ್ಕೆ ಮಾತ್ರೆ ಪುಡಿ ಮಾಡಿ ತುಪ್ಪ ಹಾಕಿದ ಅನ್ನದ ಉಂಡೆಯಲ್ಲಿ ಇಟ್ಟೆ. ಪರಚುವುದೂ ನಿಂತಿತು. ಮಾತ್ರೆ ನಿಲ್ಲಿಸಿ ಎರಡು ದಿನದ ಮೇಲೆ ಮತ್ತೆ ನಳಿಕೆಯಲ್ಲಿ ರಕ್ತ ಇಟ್ಟು ನೋಡಿದರು. ಈ ಸಲ ಹೆಪ್ಪುಗಟ್ಟಿತು.

ಅಟ್ಟದ ಬಿಲ್ಲೆಗಳನ್ನೆಲ್ಲ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ ತೆಗೆದೆ. ಹನ್ನೆರಡು ಇಟ್ಟಿದ್ದೆ, ಏಳು ಸಿಕ್ಕವು. ಸತ್ತ ಇಲಿ ಎರಡಿದ್ದವು, ಅವನ್ನು ಹಿತ್ತಲಲ್ಲಿ ಆಳವಾಗಿ ಹೂತೆವು. ಕೊಬ್ಬರಿ ಈಗ ತಗಡಿನ ಡ್ರಮ್ಮಿನಲ್ಲಿದೆ. ಅಟ್ಟದಲ್ಲಿ ಬೋನು ಇಟ್ಟಿದ್ದೇವೆ. ಪಕ್ಕದ ಮನೆಯವರಿಗೂ ಹೋಗಿ ಹೇಳಿದೆ. “ನಾವು ಪಾಷಾಣ ಇಡೋದೇ ಇಲ್ಲ ಬಿಡ್ರೀ” ಅಂದರು. ಕೇಕು ಇಡ್ತೀರಾ ಅಂತ ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಒಳಗೆ ಹೋಗಿ ನೀರಿನ ಮೋಟಾರಿನ ಹಿಂದಿನಿಂದ ಪೊಟ್ಟಣ ತಂದು ತೋರಿಸಿದರು.